ನಕ್ಷೆ ಎಂದರೆ ಅಳುವ ಮಗಳು

ಪ್ರಶ್ನೆ: ನಮ್ಮದು ದೇಂಕಣಿಕೋಟೆ ಕಡೆಯ ಹಳ್ಳಿ. ರಾಗಿ, ಟೊಮೆಟೊ ಬೆಳೆಯುತ್ತೇವೆ. ಮಗಳು ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಉಳಿದ ಪಾಠಗಳಲ್ಲಿ ಚುರುಕು. ಸಮಾಜ ವಿಜ್ಞಾನದ ನಕ್ಷೆ ಎಂದರೆ ಮಾತ್ರ ಕೈ ನಡುಗುತ್ತದೆ. ಕಳೆದ ಪರೀಕ್ಷೆಯಲ್ಲಿ ಗೋದಾವರಿ ಇರಬೇಕಾದ ಕಡೆ ಕಾವೇರಿಯನ್ನು ಎಳೆದು ಬಂದಳು. ಅವರಪ್ಪ ‘ಚುಕ್ಕಿ ನೋಡಿ ಬಾಯಿಪಾಠ ಮಾಡು’ ಎಂದು ರೇಗುತ್ತಾರೆ. ಅವಳ ಅಣ್ಣ ‘ಫೋನಿನಲ್ಲೇ ಮ್ಯಾಪ್ ಇದೆ, ಇದೆಲ್ಲ ಯಾಕೆ’ ಎನ್ನುತ್ತಾನೆ. ಮೊನ್ನೆ ಅವಳು ‘ಅಮ್ಮಾ, ಮನೇಲಿ ಕನ್ನಡ, ಮ್ಯಾಪಲ್ಲಿ ತಮಿಳುನಾಡು. ನಾವು ಯಾವ ಕಡೆಯವರು?’ ಎಂದು ಕೇಳಿ ಅತ್ತಳು. ನಾನು ಓದಿದ್ದು ಏಳನೇ ಕ್ಲಾಸು. ಮುಂದಿನ ವರ್ಷ ಪಬ್ಲಿಕ್ ಪರೀಕ್ಷೆ. ಅವಳಿಗೆ ಹೇಗೆ ನೆರವಾಗಲಿ?

ಉತ್ತರ: ನಿಮ್ಮ ಮಗಳು ದಡ್ಡಿಯಲ್ಲ ತಾಯಿ. ಅವಳಿಗೆ ನಕ್ಷೆಯನ್ನು ತಲೆಕೆಳಗಾಗಿ ಕಲಿಸಿದ್ದಾರೆ. ಊರಿನ ಕೆರೆಯನ್ನು ಒಮ್ಮೆಯೂ ಕಾಗದದ ಮೇಲೆ ಬರೆಯದ ಮಗುವಿನ ಮುಂದೆ ಇಡೀ ಭಾರತದ ಖಾಲಿ ನಕ್ಷೆ ಇಟ್ಟು ‘ನದಿ ಗುರುತಿಸು’ ಎಂದರೆ ಅದು ಊಹೆ ಮಾಡುತ್ತದೆ, ಅಷ್ಟೇ. ಚುಕ್ಕಿ ಬಾಯಿಪಾಠ ಮಾಡಿದ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ನಕ್ಷೆಯ ಅಳತೆ ಸ್ವಲ್ಪ ಬದಲಾದರೂ ಅವರ ಊರುಗಳೆಲ್ಲ ಸಮುದ್ರಕ್ಕೆ ಬೀಳುತ್ತವೆ.

ನೀವು ಏಳನೇ ಕ್ಲಾಸು ಓದಿದ್ದೀರಿ ಎಂದು ಹಿಂಜರಿಯಬೇಡಿ. ನಿಮ್ಮ ಮನೆಯಲ್ಲೇ ಒಂದು ಒಳ್ಳೆಯ ನಕ್ಷೆ ಇರುತ್ತದೆ. ಹೊಲದ ಪಟ್ಟಾ, ಚಿಟ್ಟಾ ಪತ್ರಗಳನ್ನು ಇಟ್ಟಿರುವ ಕಡೆ ಹುಡುಕಿ. ನಿಮ್ಮ ಸರ್ವೆ ನಂಬರಿನ ಹೊಲದ ಅಳತೆ ನಕ್ಷೆ (ಎಫ್‌ಎಂಬಿ) ಸಿಗದಿದ್ದರೆ ಇ–ಸೇವೆ ಕೇಂದ್ರದಲ್ಲಿ ವಿಚಾರಿಸಿ. ಅದರಲ್ಲಿ ಉತ್ತರ ದಿಕ್ಕಿದೆ, ಅಳತೆಯಿದೆ, ಗಡಿಯ ಒಂದೊಂದು ಗೆರೆಗೂ ಉದ್ದ ಬರೆದಿದೆ. ಅದನ್ನು ಮಗಳ ಕೈಗೆ ಕೊಟ್ಟು ಹೊಲಕ್ಕೆ ಕರೆದುಕೊಂಡು ಹೋಗಿ. ನಕ್ಷೆಯನ್ನು ಗೋಡೆಗೆ ನೇತುಹಾಕಬೇಡಿ, ನೆಲದ ಮೇಲೆ ಹಾಸಿ. ಗೋಡೆಯ ಮೇಲಿನ ನಕ್ಷೆ ನೋಡಿ ನೋಡಿ ಉತ್ತರ ಎಂದರೆ ಆಕಾಶ ಎಂದುಕೊಂಡ ಮಕ್ಕಳಿದ್ದಾರೆ. ಸೂರ್ಯ ಹುಟ್ಟುವ ಕಡೆ ಮೂಡಲು, ಅದಕ್ಕೆ ಮುಖ ಮಾಡಿ ನಿಂತರೆ ಎಡಗೈ ಬಡಗಲು. ಕಾಗದದ ಉತ್ತರ ಆ ಕಡೆಗೆ ಬರುವ ಹಾಗೆ ತಿರುಗಿಸಿ, ಬದುವಿನ ಮೇಲೆ ಒಂದು ಸುತ್ತು ನಡೆಸಿ. ಕಾಗದದ ಒಂದು ಗೆರೆ ಕಾಲಡಿಯ ಎಷ್ಟು ಹೆಜ್ಜೆಗೆ ಸಮ ಎಂದು ಅವಳೇ ಎಣಿಸಲಿ. ಅಳತೆ ಎಂಬ ಪಾಠ ಅಲ್ಲಿಗೆ ಮುಗಿಯುತ್ತದೆ. ಇದನ್ನು ಅವರಪ್ಪನೇ ಮಾಡಿಸಿದರೆ ಇನ್ನೂ ಒಳ್ಳೆಯದು. ಬದುವಿನ ಲೆಕ್ಕ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ರೇಗುವ ಬದಲು ಹೇಳಿಕೊಡಲು ಅವರಿಗೂ ಒಂದು ದಾರಿಯಾಗುತ್ತದೆ.

ಅಲ್ಲಿಂದ ಕೆರೆಗೆ ಹೋಗಿ. ಕೋಡಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಗಳನ್ನು ಕೇಳಿ. ಮುಂದಿನ ಕೆರೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ? ದೇಂಕಣಿಕೋಟೆ, ಅಂಚೆಟ್ಟಿ ಕಡೆಯ ಬಹಳಷ್ಟು ಹಳ್ಳಗಳು ಕಾವೇರಿಗೆ ಇಳಿಯುತ್ತವೆ. ನಿಮ್ಮೂರಿನದು ಯಾವ ಕಡೆಗೆ ಎಂಬುದನ್ನು ಊರಿನ ಹಿರಿಯರನ್ನು ಕೇಳಿ, ಹಳ್ಳದ ಜಾಡು ಹಿಡಿದು ಅವಳೇ ಪತ್ತೆ ಮಾಡಲಿ. ಕಾವೇರಿಗೆ ಎಂದಾದರೆ, ಅವಳು ತಪ್ಪು ಜಾಗದಲ್ಲಿ ಎಳೆದ ನದಿ ಅವಳ ಊರ ಕೆರೆಯಿಂದಲೇ ನೀರು ಪಡೆಯುತ್ತಿದೆ! ಆ ನೀರು ಹೊಗೇನಕಲ್ ದಾಟಿ, 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ಸೇರಿ, ತಿರುಚ್ಚಿ ಹಾದು ಪೂಂಪುಹಾರ್ ಬಳಿ ಕಡಲಿಗೆ ಬೀಳುತ್ತದೆ. ಈ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ನಡೆದವಳು ಮತ್ತೆ ಕಾವೇರಿಯನ್ನು ಆಂಧ್ರದಲ್ಲಿ ಎಳೆಯುವುದಿಲ್ಲ.

ಹೊಸೂರಿಗೆ ಹೋದಾಗ ಇನ್ನೊಂದು ನೀರನ್ನು ತೋರಿಸಿ. ಕೆಲವರಪಳ್ಳಿ ಅಣೆಕಟ್ಟಿನ ಹತ್ತಿರ ನದಿಯಲ್ಲಿ ಬಿಳಿ ನೊರೆ ಗುಡ್ಡದಂತೆ ಏಳುವುದನ್ನು ನೀವೂ ಕೇಳಿರುತ್ತೀರಿ. ಬೆಂಗಳೂರಿನ ಸೋಪಿನ ನೀರು ಇಲ್ಲಿಗೆ ಹೇಗೆ ಬಂತು? ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ನಂದಿ ಬೆಟ್ಟದ ಕಡೆ ಹುಟ್ಟಿದ ಆ ನದಿ ಹೊಸೂರಿನ ಪಕ್ಕದಲ್ಲಿ ಹಾದು, ಕೃಷ್ಣಗಿರಿ ಅಣೆಕಟ್ಟು ತುಂಬಿಸಿ, ಸಾತನೂರು ದಾಟಿ ಕಡಲೂರಿನಲ್ಲಿ ಸಮುದ್ರ ಸೇರುತ್ತದೆ. ನೀರು ಇಳಿಜಾರನ್ನು ನೋಡುತ್ತದೆ, ಅತ್ತಿಬೆಲೆಯ ಚೆಕ್‌ಪೋಸ್ಟನ್ನಲ್ಲ. ಆ ಕೊಳಕು ನೊರೆಯ ಬಗ್ಗೆ ನನಗೆ ಬಹಳ ಸಿಟ್ಟಿದೆ. ಆದರೂ ನದಿಯ ಜಲಾನಯನ ಎಂದರೇನು ಎಂದು ತಿಳಿಸಲು ಅದಕ್ಕಿಂತ ಗಟ್ಟಿಯಾದ ಉದಾಹರಣೆ ನಿಮ್ಮ ಸೀಮೆಯಲ್ಲಿಲ್ಲ.

ಮಕ್ಕಳು ಹೆಚ್ಚು ಎಡವುವುದು ಸಮೋನ್ನತ ರೇಖೆಗಳಲ್ಲಿ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳಲ್ಲಿ. ಇದಕ್ಕೂ ನಿಮ್ಮ ಕೆರೆಯೇ ಪಾಠಶಾಲೆ. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ದಂಡೆಯ ಮಣ್ಣಿನ ಮೇಲೆ ಒಂದರ ಕೆಳಗೊಂದು ಗೆರೆ ಉಳಿಯುತ್ತದಲ್ಲ, ಅದೇ ಸಮೋನ್ನತ ರೇಖೆ. ದಂಡೆ ಕಡಿದಾಗಿರುವಲ್ಲಿ ಗೆರೆಗಳು ಒತ್ತಾಗಿರುತ್ತವೆ, ಇಳಿಜಾರು ನಿಧಾನವಾಗಿರುವಲ್ಲಿ ದೂರ ದೂರ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ 500 ಮೀಟರಿನ ಆಸುಪಾಸು. ಬಸ್ಸಿನಲ್ಲಿ ಕೃಷ್ಣಗಿರಿಗೆ ಹೋಗುವಾಗ ಸೆಕೆ ಏರುವುದು ಅದಕ್ಕೇ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್, 20 ಮೀಟರಿಗೊಂದು ಸಮೋನ್ನತ ರೇಖೆ. ಹಾಗಾದರೆ ಎರಡು ಊರಿನ ನಡುವೆ ಎತ್ತರದ ಎಷ್ಟು ಗೆರೆ ಇಳಿಯಬೇಕು? ಲೆಕ್ಕ ಅವಳೇ ಹಾಕಲಿ. ಆ ನಕ್ಷೆ ಶಾಲೆಯಲ್ಲಿ ಇದೆಯೇ ಎಂದು ಮೇಷ್ಟ್ರನ್ನು ಕೇಳಿ. ಹಳೆಯ ಕ್ರಮದ ಸಂಖ್ಯೆಯಲ್ಲಿ ಹೊಸೂರು, ದೇಂಕಣಿಕೋಟೆ 57ಎಚ್ ಹಾಳೆಗಳಲ್ಲೂ ಕೃಷ್ಣಗಿರಿ 57ಎಲ್ ಹಾಳೆಗಳಲ್ಲೂ ಬರುತ್ತವೆ.

ಈ ಎರಡು ಹಾಳೆಗಳನ್ನು ಬೇರೆ ಮಾಡುವ ಗೆರೆ 78 ಡಿಗ್ರಿ ರೇಖಾಂಶ. ಅದು ಹಾದುಹೋಗುವುದು ಶೂಲಗಿರಿಯ ಹತ್ತಿರದಲ್ಲಿ. ಬಸ್ಸು ಶೂಲಗಿರಿ ತಲುಪಿದಾಗ ಮಗಳಿಗೆ ಹೇಳಿ, ನೀನೀಗ ಗ್ಲೋಬಿನ ಮೇಲಿನ ಒಂದು ಗೆರೆ ದಾಟುತ್ತಿದ್ದೀಯ ಎಂದು. ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರ ರೇಖೆ ಅಳೆದು ಶುರು ಮಾಡಿದ ಭಾರತದ ಮಹಾ ಸರ್ವೆ ಉತ್ತರಕ್ಕೆ ಹಿಮಾಲಯದ ತಪ್ಪಲಿನವರೆಗೆ ಸಾಗಿದ್ದು ಈ 78 ಡಿಗ್ರಿಯ ಆಸುಪಾಸಿನಲ್ಲೇ.

ಹೆಸರುಗಳ ಗೊಂದಲವನ್ನು ಹಗುರವಾಗಿ ನೋಡಬೇಡಿ. ಮಗಳ ನಡುಕಕ್ಕೆ ಅರ್ಧ ಕಾರಣ ಅದೇ ಇರಬಹುದು. ಮನೆಯಲ್ಲಿ ದಕ್ಷಿಣ ಪಿನಾಕಿನಿ, ತಮಿಳಿನಲ್ಲಿ ತೆನ್‌ಪೆಣ್ಣೈ, ಇಂಗ್ಲಿಷ್ ನಕ್ಷೆಯಲ್ಲಿ ಪೊನ್ನೈಯಾರ್. ಮೂರೂ ಒಂದೇ ನದಿ ಎಂದು ಯಾರೂ ಹೇಳದಿದ್ದರೆ ಮಗು ಮೂರು ನದಿ ಹುಡುಕುತ್ತದೆ. ನಾವು ನಕ್ಷೆ ಎನ್ನುವುದು ತಮಿಳರಿಗೆ ವರೈಪಡಂ, ನಮ್ಮ ಅಕ್ಷಾಂಶ ಅವರ ಅಟ್ಚಕ್ಕೋಡು, ರೇಖಾಂಶ ತೀರ್ಕ್ಕಕ್ಕೋಡು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಮಾಡಿ ಕನ್ನಡ, ತಮಿಳು, ಇಂಗ್ಲಿಷ್ ಹೆಸರುಗಳನ್ನು ಅಕ್ಕಪಕ್ಕ ಬರೆಯಿಸಿ. ಮುಂದೆ ಕಾಲೇಜಿನಲ್ಲೂ ಅದು ಉಪಯೋಗಕ್ಕೆ ಬರುತ್ತದೆ.

ಇನ್ನು ಅವಳು ಅತ್ತು ಕೇಳಿದ ಪ್ರಶ್ನೆ. ಅದನ್ನು ತಳ್ಳಿಹಾಕಬೇಡಿ. ಮನೆಯಲ್ಲಿ ಅಜ್ಜ ಇದ್ದರೆ ಅವರನ್ನು ಕೂರಿಸಿಕೊಂಡು ಮಾತಾಡಿ. 1965ಕ್ಕೆ ಮೊದಲು ನಿಮ್ಮೂರಿನಲ್ಲಿ ಹುಟ್ಟಿದವರು ಸೇಲಂ ಜಿಲ್ಲೆಯವರು. ಆ ವರ್ಷ ಧರ್ಮಪುರಿ ಜಿಲ್ಲೆಯಾಯಿತು, ಹಾಗಾಗಿ ನೀವು ಧರ್ಮಪುರಿಯವರು. 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಬೇರೆಯಾಯಿತು, ಮಗಳು ಕೃಷ್ಣಗಿರಿಯವಳು. ಒಂದೇ ಮನೆ, ಒಂದೇ ಹೊಲ, ಮೂರು ತಲೆಮಾರಿಗೆ ಮೂರು ಜಿಲ್ಲೆ. ಇನ್ನೂ ಹಿಂದಕ್ಕೆ ಹೋದರೆ ಈ ನೆಲ ಟಿಪ್ಪುವಿನ ಮೈಸೂರಿನದು. 1792ರಲ್ಲಿ ಕೃಷ್ಣಗಿರಿ ಕಡೆಯ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು ಸೀಮೆಯೂ ಹೋಯಿತು. ಆಗ ಹೊಸೂರು ಸೀಮೆಯನ್ನು ಬಾಲಾಘಾಟ್ ಎಂದು ಕರೆದರು, ಘಟ್ಟದ ಮೇಲಿನದು ಎಂದು. ಜಿಲ್ಲೆಯ ಗೆರೆ, ರಾಜ್ಯದ ಗೆರೆ ಮನುಷ್ಯರು ಆಳಲು ಹಾಕಿಕೊಂಡದ್ದು. ಅವಳು ತಮಿಳುನಾಡಿನ ಪ್ರಜೆ, ಅವಳ ತಾಯ್ನುಡಿ ಕನ್ನಡ. ಎರಡೂ ಅವಳದೇ. ಇದನ್ನು ಅವಳಿಗೆ ನೇರವಾಗಿ ಹೇಳಿ.

ಅಣ್ಣನ ಫೋನ್ ಬೇಡವೆನ್ನುವುದಿಲ್ಲ. ಆದರೆ ಫೋನಿನ ಮ್ಯಾಪ್ ನಾವು ತಿರುಗಿದತ್ತ ತಾನೂ ತಿರುಗಿಬಿಡುತ್ತದೆ, ದಿಕ್ಕು ಹುಡುಕುವ ಕೆಲಸವನ್ನೇ ನಮ್ಮಿಂದ ಕಿತ್ತುಕೊಳ್ಳುತ್ತದೆ. ಮೊದಲು ಊರಿನ ನಕ್ಷೆಯನ್ನು ಅವಳು ಕೈಯಲ್ಲಿ ಬರೆಯಲಿ, ಆಮೇಲೆ ಅಣ್ಣ ಫೋನಿನ ಉಪಗ್ರಹ ಚಿತ್ರ ತೆರೆದು ಎಲ್ಲಿ ತಪ್ಪಿದ್ದೇವೆ ಎಂದು ಜೊತೆಗೆ ಕೂತು ನೋಡಲಿ. ಪರೀಕ್ಷೆಗೆ ವಾರಕ್ಕೆ ಎರಡು ಖಾಲಿ ನಕ್ಷೆ ಸಾಕು. ಮೊದಲು ಕರಾವಳಿ, ಮತ್ತೆ ಘಟ್ಟಗಳು, ಘಟ್ಟದಿಂದ ಇಳಿಯುವ ನದಿಗಳು, ಕೊನೆಗೆ ಊರುಗಳು. ಇದೇ ಕ್ರಮದಲ್ಲಿ ತುಂಬಿಸಲಿ.

ಈ ಭಾನುವಾರವೇ ಶುರು ಮಾಡಿ. ಬಿಸಿಲು ಏರುವ ಮೊದಲು ಮನೆಯವರೆಲ್ಲ ಕೆರೆ ಏರಿಯ ಮೇಲೆ ಹೋಗಿ ನಿಲ್ಲಿ. ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ಮಗಳ ಕೈಯಲ್ಲಿರಲಿ. ಮೊದಲ ಗೆರೆ ಕೋಡಿಯಿಂದ ಎಳೆಯಲಿ. ಅವಳು ಬರೆದ ನಕ್ಷೆಯನ್ನು ನನಗೂ ಕಳಿಸಿ.