ಸೀತಾಳೆಗೆ ಕತ್ತಿ ಹಾಕುವ ಮುನ್ನ

ಮರಗಸಿ ಶುರುವಾದರೆ ಕಾಫಿ ತೋಟದಲ್ಲಿ ಕತ್ತಿ ಸದ್ದಿನ ಜೊತೆಗೇ ಕೇಳುವ ಮಾತೊಂದಿದೆ: “ಅಲ್ಲೊಂದು ಬಂದಳಿಕೆ ಇದೆ, ಅದನ್ನೂ ಸವರಿಬಿಡು.” ಮರದ ಮೇಲಿದ್ದವನು ಸವರುತ್ತಾನೆ. ಕೆಳಗೆ ಬಿದ್ದದ್ದನ್ನು ಎತ್ತಿ ನೋಡಿದರೆ ಎಷ್ಟೋ ಸಲ ಅದು ಬಂದಳಿಕೆಯಲ್ಲ, ಸೀತಾಳೆ.

ಎರಡಕ್ಕೂ ಅಜಗಜಾಂತರ. ಬಂದಳಿಕೆ ಕೊಂಬೆಯೊಳಗೇ ಬೇರಿಳಿಸಿ ಮರದ ರಸ ಹೀರುತ್ತದೆ. ಅದು ಕೂತ ಜಾಗ ಗಂಟುಕಟ್ಟಿ ಉಬ್ಬಿರುತ್ತದೆ. ಅದನ್ನು ಕಡಿಯಲೇಬೇಕು. ಸೀತಾಳೆಗೆ ಮರ ಬರೀ ಕೂರುವ ಜಾಗ. ಬೇರು ತೊಗಟೆಯ ಮೇಲೆಯೇ ಹರಿದು ಅಪ್ಪಿಕೊಳ್ಳುತ್ತದೆ, ಒಳಗೆ ಇಳಿಯುವುದಿಲ್ಲ. ಊಟ ನೀರು ಎಲ್ಲ ಮಳೆ, ಮಂಜು, ತೊಗಟೆಯ ಸಂದಿನಲ್ಲಿ ಕೊಳೆತ ಎಲೆಯಿಂದ. ಮರಕ್ಕೆ ಇದರಿಂದ ನಷ್ಟವಿಲ್ಲ.

ಸೀತಾಳೆ ದಂಡೆ, ದ್ರೌಪದಿ ದಂಡೆ ಎಂದೆಲ್ಲ ಕರೆಸಿಕೊಳ್ಳುವ ಈ ಆರ್ಕಿಡ್ ಗಿಡದ ಶಾಸ್ತ್ರೀಯ ಹೆಸರು ರಿಂಕೋಸ್ಟೈಲಿಸ್ ರೆಟುಸಾ. ದಪ್ಪ ಪಟ್ಟಿಯಂಥ ಎಲೆ, ತುದಿ ಯಾರೋ ಕಚ್ಚಿ ಬಿಟ್ಟಂತೆ ಮೊಂಡು. ಮೇ, ಜೂನ್ ಹೊತ್ತಿಗೆ ನರಿ ಬಾಲದಂತೆ ಇಳಿಬೀಳುವ ಗೊನೆಯಲ್ಲಿ ನೂರಕ್ಕೂ ಹೆಚ್ಚು ಹೂ. ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕಿ. ಅಸ್ಸಾಮಿನಲ್ಲಿ ಇದು ರಾಜ್ಯಪುಷ್ಪ. ಬಿಹು ಹಬ್ಬದಲ್ಲಿ ಹೆಣ್ಣುಮಕ್ಕಳು ಮುಡಿಯುವ ‘ಕೊಪೌ ಫೂಲ್’ ಇದೇ. ಪರಿಮಳ ಹಿತ, ಆದರೆ ತೆಳು. ಘಮ್ಮೆನ್ನುವ ವಾಸನೆಯೇ ಬೇಕಿದ್ದರೆ ನಮ್ಮ ಘಟ್ಟದಲ್ಲೇ ಇದರ ದಾಯಾದಿ ಏರಿಡಿಸ್ ಕ್ರಿಸ್ಪಾ ಇದೆ: ಕಾಂಡ ಉದ್ದ, ಹೂ ದೊಡ್ಡದು, ತುಟಿ ಗುಲಾಬಿ. ಎರಡಕ್ಕೂ ಆರೈಕೆ ಹೆಚ್ಚುಕಡಿಮೆ ಒಂದೇ.

ಮೊದಲ ಸಲ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಗಾಳಿಗೆ ಬಿದ್ದ ಕೊಂಬೆಯಿಂದ ಗಿಡ ಬಿಡಿಸಿ, ಕುಂಡಕ್ಕೆ ಕೆಮ್ಮಣ್ಣು, ಸಗಣಿ ಗೊಬ್ಬರ ತುಂಬಿ ನೆಟ್ಟು, ದಿನವೂ ಚೊಂಬು ನೀರು ಹೊಯ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಎಳೆದರೆ ಎಲೆ ಕೈಗೇ ಬಂತು. ಕೆಳಗೆ ಬೇರೆಲ್ಲ ಕೊಳೆತು ಲೋಳೆ. ಈ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು ಎಂಬುದು ಆಮೇಲೆ ತಿಳಿಯಿತು.

ಬೇರನ್ನು ಹತ್ತಿರದಿಂದ ನೋಡಿ. ಒಣಗಿದಾಗ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ನೀರು ಚಿಮುಕಿಸಿದರೆ ನೋಡನೋಡುತ್ತಲೇ ಹಸಿರಾಗುತ್ತದೆ. ಮೇಲಿನ ಆ ಬಿಳಿ ಪದರ ಸ್ಪಂಜಿನಂತೆ ನೀರು ಹೀರಿ ಒಳಗೆ ಬಿಡುತ್ತದೆ. ಹಸಿರು ಮತ್ತೆ ಬಿಳಿಗೆ ತಿರುಗಿದ ಮೇಲೆಯೇ ಮುಂದಿನ ನೀರು. ಇದೊಂದು ಲೆಕ್ಕ ಹಿಡಿದರೆ ದಿನ ಎಣಿಸುವ ಕೆಲಸವಿಲ್ಲ. ಬೇಸಿಗೆಯಲ್ಲಿ ಬಹುಶಃ ದಿನವೂ ಬೆಳಿಗ್ಗೆ ಬೇಕಾದೀತು, ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ ಸಾಕು. ಮಳೆ ಹಿಡಿದರೆ ನಿಮ್ಮ ಪಾಲಿನ ಕೆಲಸ ಏನೂ ಇಲ್ಲ. ಗಡಸು ಬೋರ್‌ವೆಲ್ ನೀರು ಬೇರಿನ ಮೇಲೆ ಉಪ್ಪು ಕಟ್ಟಿಸುತ್ತದೆ; ಮಳೆನೀರು ಹಿಡಿದಿಟ್ಟರೆ ಒಳ್ಳೆಯದು.

ಬಿದ್ದ ಗಿಡವನ್ನು ಉಳಿಸುವುದು ಹೀಗೆ. ಕೊಂಬೆಯಿಂದ ಬೇರು ಕೀಳಬೇಡಿ, ಕೊಂಬೆಯ ತುಂಡಿನ ಸಮೇತ ಕೊಯ್ದು ತನ್ನಿ. ಮಾವು, ಹಲಸಿನಂಥ ಒರಟು ತೊಗಟೆಯ ಮರಕ್ಕೆ, ಬೆಳಗಿನ ಬಿಸಿಲು ಬೀಳುವ ಪೂರ್ವದ ಮಗ್ಗುಲಿಗೆ, ಕಣ್ಣಿನ ಎತ್ತರದಲ್ಲಿ ಕಟ್ಟಿ. ಸಿಪ್ಪೆ ಸುಲಿಯುವ ಪೇರಲೆ, ನೀಲಗಿರಿ ಬೇಡ. ಕಟ್ಟಲು ಹಳೆ ಪಂಚೆಯ ಅಂಚು ಸಾಕು. ಹೊಸ ಬೇರು ಹಿಡಿಯುವ ಹೊತ್ತಿಗೆ ಅದೇ ಜೀರ್ಣವಾಗಿ ಉದುರುತ್ತದೆ. ತಾಮ್ರದ ತಂತಿ ಮಾತ್ರ ಮುಟ್ಟಿಸಬೇಡಿ. ಅಡಿಕೆ ತೋಟದವರಿಗೆ ಇನ್ನೊಂದು ಮಾತು: ಬೋರ್ಡೋ ದ್ರಾವಣ ತೊಟ್ಟಿಕ್ಕುವ ಕಡೆ ಇದನ್ನು ಇಡಬೇಡಿ, ಅದರಲ್ಲಿರುವ ತಾಮ್ರ ಎಳೆ ಬೇರಿನ ತುದಿಯನ್ನು ಸುಡಬಹುದು. ಕಟ್ಟುವಾಗ ಗಿಡ ತುಸು ಓರೆಯಾಗಿರಲಿ. ಈ ಗಿಡ ಬೆಳೆಯುವುದು ಒಂದೇ ಸುಳಿಯಿಂದ. ಸುಳಿಯಲ್ಲಿ ನೀರು ನಿಂತು ಕೊಳೆತರೆ ಗಿಡ ಉಳಿಯುವುದು ಕಷ್ಟ.

ಮರವಿಲ್ಲದ ಪೇಟೆ ಮನೆಯವರು ಮರದ ಪಟ್ಟಿಯ ಬುಟ್ಟಿಯಲ್ಲಿ ಇದ್ದಿಲು, ಹೆಂಚಿನ ಚೂರು ಹಾಕಿ ತೂಗುಬಿಡಬಹುದು. ಬೇರು ಬುಟ್ಟಿಯಿಂದ ಹೊರಗೆ ಜೋತುಬಿದ್ದರೆ ತುರುಕಬೇಡಿ, ಅದರ ಸ್ವಭಾವವೇ ಹಾಗೆ.

ಬಿಸಿಲು ಸರಿಯಿದೆಯೇ ಎಂದು ಎಲೆಯೇ ಹೇಳುತ್ತದೆ. ಕಡು ಹಸಿರಾಗಿ ಮಿರಮಿರ ಮಿಂಚುತ್ತಿದ್ದರೆ ನೋಡಲು ಚೆಂದ, ಆದರೆ ಹೂ ಬರುವುದು ಅನುಮಾನ. ತುಸು ಹಳದಿ ಮಿಶ್ರಿತ ಹಸಿರು ಇದ್ದರೆ ಬೆಳಕು ಹದವಾಗಿದೆ. ಕಪ್ಪು ಕಲೆ ಬಿದ್ದರೆ ಮಧ್ಯಾಹ್ನದ ಬಿಸಿಲು ಸುಟ್ಟಿದೆ ಎಂದರ್ಥ.

ಗೊಬ್ಬರ ಅಂಗಡಿಯಲ್ಲಿ ಸಿಗುವ 19:19:19 ಸಾಕು. ಲೀಟರ್ ನೀರಿಗೆ ಅರ್ಧ ಗ್ರಾಂ, ಬೇರು ಒದ್ದೆಯಾದ ಮೇಲೆ ಹದಿನೈದು ದಿನಕ್ಕೊಮ್ಮೆ, ಹೊಸ ಬೇರಿನ ತುದಿ ಹಸಿರಾಗಿ ಓಡುತ್ತಿರುವಾಗ ಮಾತ್ರ. ಮಳೆಗಾಲದ ಶತ್ರು ಬಸವನಹುಳು. ರಾತ್ರಿ ಬಂದು ಎಳೆ ಬೇರು, ಹೂಗೊನೆ ಮೇಯುತ್ತದೆ. ಟಾರ್ಚ್ ಹಿಡಿದು ಆರಿಸುವುದೇ ಮದ್ದು. ಎಲೆಯಡಿ ಶಲ್ಕ ಕೀಟ ಕಂಡರೆ ಸೋಪಿನ ನೀರಿನಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ.

ಕಾಡಿನಿಂದ ಕಿತ್ತು ತರುವ ಆಸೆ ಬೇಡ. ಅದು ಅಪರಾಧ, ಮೇಲಾಗಿ ದಡ್ಡತನ. ಇದರ ಒಂದು ಕಾಯಲ್ಲಿ ಧೂಳಿನಂಥ ಬೀಜ ಲೆಕ್ಕವಿಲ್ಲದಷ್ಟಿದ್ದರೂ ಒಂದರಲ್ಲೂ ಬುತ್ತಿ ಇರುವುದಿಲ್ಲ. ತಕ್ಕ ಶಿಲೀಂಧ್ರ ಜೊತೆಗೂಡಿದರೆ ಮಾತ್ರ ಮೊಳಕೆ, ಹೂವಿಗೆ ಮತ್ತೆ ವರ್ಷಗಟ್ಟಲೆ ಕಾಯಬೇಕು. 1922ರಲ್ಲಿ ಲೂಯಿಸ್ ನಡ್ಸನ್ ಎಂಬ ಅಮೆರಿಕದ ವಿಜ್ಞಾನಿ ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆಯೂ ಆರ್ಕಿಡ್ ಬೀಜ ಮೊಳೆಯುತ್ತದೆಂದು ತೋರಿಸಿದ. ಇಂದಿನ ಪ್ರಯೋಗಾಲಯದ ಸಸಿಗಳು ಬಂದದ್ದು ಆ ದಾರಿಯಲ್ಲೇ. ಕೊಳ್ಳುವುದಾದರೆ ನರ್ಸರಿಯಲ್ಲಿ ಅಂಥ ಸಸಿಯನ್ನೇ ಕೇಳಿ. ಬೇರಿಗೆ ಒಣ ತೊಗಟೆ, ಪಾಚಿ ಅಂಟಿಕೊಂಡಿದ್ದರೆ ಅದು ಕಾಡಿನಿಂದ ಕಿತ್ತದ್ದೆಂಬ ಗುಮಾನಿಯಿರಲಿ.

ಕಟ್ಟಿದ ಮೊದಲ ವರ್ಷ ಹೂವಿಲ್ಲದಿದ್ದರೆ ಜಾಗ ಬದಲಿಸಬೇಡಿ. ಗಿಡ ಆ ವರ್ಷವನ್ನು ಬೇರು ಬಿಡುವುದಕ್ಕೆ ಕಳೆಯುತ್ತದೆ. ಹಳೆಯ ಕೊಂಬೆ ತುಂಡು ಕೊಳೆತು ಉದುರತೊಡಗಿದಾಗ ಸೀತಾಳೆಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಜಗ್ಗದಿದ್ದರೆ ಹೊಸ ಮರ ಹಿಡಿದಿದೆ.