ಓದುಗನನ್ನರಿತ ಉಡುಗೊರೆ

ಉಡುಗೊರೆಗಳಲ್ಲಿ ಪುಸ್ತಕವು ವಿಶಿಷ್ಟವಾದುದು. ವಸ್ತ್ರವನ್ನು ಕೊಡುವವನಿಗೆ ಪಡೆಯುವವನ ಮೈಯ ಅಳತೆ ತಿಳಿದಿದ್ದರೆ ಸಾಕು. ಪುಸ್ತಕವನ್ನು ಕೊಡುವವನಿಗೆ ಅವನ ಮನಸ್ಸಿನ ಅಳತೆ ತಿಳಿದಿರಬೇಕು. ಕಥೆ ಕಾದಂಬರಿಗಳಾದರೆ ದಣಿದ ಮನಸ್ಸಿಗೆ ವಿನೋದವನ್ನಾದರೂ ಒದಗಿಸಬಲ್ಲವು. ವಿಚಾರಗ್ರಂಥದ ರೀತಿ ಬೇರೆ. ತನ್ನೊಳಗೆ ಪ್ರಶ್ನೆಯೊಂದನ್ನು ಹೊತ್ತಿರುವ ಓದುಗನೊಡನೆ ಮಾತ್ರ ಅದು ಮನಬಿಚ್ಚಿ ಮಾತನಾಡುತ್ತದೆ. ಕೈಗೆ ಸಿಕ್ಕಿದುದನ್ನೆಲ್ಲ ಓದದೆ, ಬೇಕಾದುದನ್ನು ಮಾತ್ರ ಆಯ್ದು ಓದುವ ವ್ಯಕ್ತಿಗೆ ಅಂತಹ ಗ್ರಂಥವನ್ನು ಆರಿಸಿ ಕೊಡುವುದು ಸುಲಭವಲ್ಲ. ಈ ಕಾರ್ಯವು ಎಲ್ಲಿ ಸಫಲವಾಗುತ್ತದೆ, ಎಲ್ಲಿ ಗುರಿ ತಪ್ಪುತ್ತದೆ ಎಂಬುದಕ್ಕೆ ಗಾಂಧೀಜಿಯವರ ದಕ್ಷಿಣ ಆಫ್ರಿಕದ ಜೀವನದಲ್ಲಿ ಉತ್ತಮ ನಿದರ್ಶನಗಳಿವೆ.

ಗಾಂಧೀಜಿ 1893ರಲ್ಲಿ ಮೊಕದ್ದಮೆಯೊಂದರ ಕೆಲಸಕ್ಕಾಗಿ ದಕ್ಷಿಣ ಆಫ್ರಿಕಕ್ಕೆ ಹೋದರು. ಪ್ರಿಟೋರಿಯ ನಗರದಲ್ಲಿ ಅವರಿಗೆ ಕೋಟ್ಸ್ ಎಂಬ ಕ್ರೈಸ್ತ ಗೃಹಸ್ಥರ ಸ್ನೇಹವಾಯಿತು. ಕೋಟ್ಸರು ಕ್ವೇಕರ್ ಪಂಥದವರು, ಸರಳ ಹೃದಯಿಗಳು. ತರುಣ ಮಿತ್ರನು ತಮ್ಮ ಧರ್ಮದ ಹಿರಿಮೆಯನ್ನು ಅರಿಯಬೇಕೆಂಬ ಹಂಬಲದಿಂದ ಅವರು ಒಂದರ ಮೇಲೊಂದರಂತೆ ಗ್ರಂಥಗಳನ್ನು ತಂದುಕೊಟ್ಟರು. ಗಾಂಧೀಜಿಯವರ ಕಪಾಟು ತುಂಬಿತು. ಅವರು ಶ್ರದ್ಧೆಯಿಂದ ಅವುಗಳನ್ನು ಓದಿದರು. ಕೋಟ್ಸರೊಡನೆ ಚರ್ಚೆಯನ್ನೂ ನಡೆಸಿದರು. ಅವುಗಳಲ್ಲಿ ಕೆಲವು ಸಂಗತಿಗಳು ಹಿಡಿಸಿದವು, ಕೆಲವು ಹಿಡಿಸಲಿಲ್ಲ. ಯೇಸುವೊಬ್ಬನೇ ದೇವರ ಅವತಾರವೆಂದು ಸಾಧಿಸುವ ವಾದಗಳು ಅವರ ಮನಸ್ಸನ್ನು ಅಲುಗಿಸಲಿಲ್ಲ.

ಒಮ್ಮೆ ಕೋಟ್ಸರು ಗಾಂಧೀಜಿಯವರ ಕೊರಳಿನಲ್ಲಿದ್ದ ತುಳಸಿಮಣಿಯ ಮಾಲೆಯನ್ನು ಕಂಡು, ಅದು ಮೂಢನಂಬಿಕೆಯೆಂದು ಬಗೆದು, ತೆಗೆದುಬಿಡುವಂತೆ ಸೂಚಿಸಿದರು. ಅದು ತಾಯಿ ಪ್ರೀತಿಯಿಂದ ಹಾಕಿದ ಮಾಲೆ, ಸಕಾರಣವಿಲ್ಲದೆ ಅದನ್ನು ತೊರೆಯಲಾರೆನೆಂದು ಗಾಂಧೀಜಿ ಉತ್ತರಿಸಿದರು. ಕೋಟ್ಸರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಗಾಂಧೀಜಿ ಅದನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಆದರೆ ಆ ಗ್ರಂಥಗಳು ಕೊಡುವವರ ನಂಬಿಕೆಗೆ ತಕ್ಕವುಗಳಾಗಿದ್ದವೇ ಹೊರತು ಓದುವವರ ಸಂಶಯಗಳಿಗೆ ಉತ್ತರಗಳಾಗಿರಲಿಲ್ಲ.

ಇದೇ ಕಾಲದಲ್ಲಿ ಗಾಂಧೀಜಿ ತಮ್ಮ ಧಾರ್ಮಿಕ ಸಂದೇಹಗಳನ್ನು ಮುಂಬಯಿಯ ರಾಯಚಂದ್‌ಭಾಯಿಯವರಿಗೆ ಬರೆದು ತಿಳಿಸಿದರು. ರಾಯಚಂದ್‌ಭಾಯಿ ರತ್ನವ್ಯಾಪಾರಿ, ಆದರೆ ಆತ್ಮಜ್ಞಾನದಲ್ಲಿ ಆಸಕ್ತರಾದ ಜೈನ ಸಾಧಕರು. ಅವರು ಸಮಾಧಾನವಾಗಿ ಉತ್ತರ ಬರೆದುದಲ್ಲದೆ ‘ಪಂಚೀಕರಣ’, ‘ಮಣಿರತ್ನಮಾಲಾ’, ಯೋಗವಾಸಿಷ್ಠದ ಮುಮುಕ್ಷು ಪ್ರಕರಣ, ಹರಿಭದ್ರಸೂರಿಯ ‘ಷಡ್ದರ್ಶನ ಸಮುಚ್ಚಯ’ ಮೊದಲಾದ ಗ್ರಂಥಗಳನ್ನು ಕಳುಹಿಸಿದರು. ತಾವು ಜೈನರಾಗಿದ್ದೂ ಅವರು ಕೇವಲ ಜೈನ ಗ್ರಂಥಗಳನ್ನೇ ಆರಿಸಲಿಲ್ಲವೆಂಬುದು ಗಮನಾರ್ಹ. ಇಲ್ಲಿ ಪ್ರಶ್ನೆ ಮೊದಲು ಬಂದಿತು. ಪುಸ್ತಕವು ಅದನ್ನು ಹಿಂಬಾಲಿಸಿತು.

ಮೂರನೆಯ ನಿದರ್ಶನವು 1904ರದು. ಆ ವೇಳೆಗೆ ಗಾಂಧೀಜಿ ಜೋಹಾನ್ಸ್‌ಬರ್ಗಿನ ಹೆಸರಾಂತ ವಕೀಲರು. ವಿದ್ಯಾರ್ಥಿದೆಸೆಯಲ್ಲಿ ಪಠ್ಯಪುಸ್ತಕಗಳ ಹೊರಗೆ ತಾವು ಓದಿದುದು ಅತ್ಯಲ್ಪವೆಂದೂ, ಕಾರ್ಯರಂಗಕ್ಕೆ ಇಳಿದ ಮೇಲೆ ಓದಿಗೆ ಬಹಳ ಕಡಿಮೆ ಸಮಯ ದೊರೆಯಿತೆಂದೂ ಅವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಇಂತಹ ಓದುಗರಿಗೆ ಪುಸ್ತಕವನ್ನು ಕೊಟ್ಟವರು ಹೆನ್ರಿ ಪೊಲಾಕ್. ವಯಸ್ಸಿನಲ್ಲಿ ಬಹಳ ಕಿರಿಯರಾದ ಈ ಪತ್ರಕರ್ತರು ಸಸ್ಯಾಹಾರದ ಉಪಾಹಾರಗೃಹವೊಂದರಲ್ಲಿ ಗಾಂಧೀಜಿಯವರ ಪರಿಚಯ ಮಾಡಿಕೊಂಡಿದ್ದರು. ಬದುಕಿನ ಮುಖ್ಯ ವಿಷಯಗಳಲ್ಲಿ ಇಬ್ಬರ ವಿಚಾರಗಳೂ ಸಮೀಪವಾಗಿದ್ದವು.

‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಹಣಕಾಸಿನ ಸ್ಥಿತಿ ಆಗ ಹದಗೆಟ್ಟಿತ್ತು. ಅದನ್ನು ಸರಿಪಡಿಸಲು ಗಾಂಧೀಜಿ ಡರ್ಬನ್ನಿಗೆ ಹೊರಟಾಗ, ಬೀಳ್ಕೊಡಲು ರೈಲುನಿಲ್ದಾಣಕ್ಕೆ ಬಂದ ಪೊಲಾಕರು, ನಿಮಗೆ ಇದು ಖಂಡಿತವಾಗಿ ಮೆಚ್ಚಿಕೆಯಾಗುವುದೆಂದು ಹೇಳಿ ಒಂದು ಪುಸ್ತಕವನ್ನು ಕೈಗಿತ್ತರು. ಅದು ಜಾನ್ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’. 1860ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಪ್ರಕಟವಾಗಿ, ತೀವ್ರ ಟೀಕೆಗೆ ಗುರಿಯಾಗಿ, 1862ರಲ್ಲಿ ಪುಸ್ತಕರೂಪ ತಾಳಿದ ನಾಲ್ಕು ಪ್ರಬಂಧಗಳ ಕಿರುಹೊತ್ತಗೆ. ಮಾನವೀಯ ಅಂತಃಕರಣವನ್ನು ಲೆಕ್ಕದಿಂದ ಹೊರಗಿಟ್ಟ ಅರ್ಥಶಾಸ್ತ್ರವನ್ನು ರಸ್ಕಿನ್ ಅದರಲ್ಲಿ ಖಂಡಿಸಿದ್ದನು.

ಅಂದು ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ 24 ಗಂಟೆಗಳ ಪ್ರಯಾಣ. ಓದಲು ತೊಡಗಿದ ಗಾಂಧೀಜಿಯವರಿಗೆ ಪುಸ್ತಕವನ್ನು ಕೆಳಗಿಡಲಾಗಲಿಲ್ಲ. ಸಂಜೆ ಊರು ತಲಪಿದರು. ರಾತ್ರಿ ನಿದ್ರೆ ಬರಲಿಲ್ಲ. ಎಲ್ಲರ ಹಿತದಲ್ಲಿಯೇ ಒಬ್ಬನ ಹಿತವೂ ಅಡಗಿದೆಯೆಂಬ ತತ್ತ್ವ ಅವರಿಗೆ ಮೊದಲೇ ತಿಳಿದಿತ್ತು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬುದು ಮಸುಕಾಗಿ ಹೊಳೆದಿತ್ತು. ಮೈಮುರಿದು ದುಡಿಯುವವನ ಬಾಳೇ ಸಾರ್ಥಕವೆಂಬುದು ಮಾತ್ರ ಅವರಿಗೆ ಹೊಸದು. ತಮ್ಮ ಅಂತರಂಗದಲ್ಲಿ ಹುದುಗಿದ್ದ ನಂಬಿಕೆಗಳನ್ನೇ ಅವರು ಆ ಪುಟಗಳಲ್ಲಿ ಕಂಡರು.

ಪರಿಣಾಮವು ತಡವಾಗಲಿಲ್ಲ. ಡರ್ಬನ್ನಿನ ಸಮೀಪದ ಫೀನಿಕ್ಸ್ ಎಂಬಲ್ಲಿ 1000 ಪೌಂಡುಗಳಿಗೆ 100 ಎಕರೆ ಭೂಮಿಯನ್ನು ಕೊಂಡು, ಮುದ್ರಣಾಲಯವನ್ನು ಅಲ್ಲಿಗೆ ಸಾಗಿಸಿ, ಎಲ್ಲರೂ ದುಡಿದು ಬಾಳುವ ಆಶ್ರಮವನ್ನು 1904ರಲ್ಲಿಯೇ ಸ್ಥಾಪಿಸಿದರು. ಸುದ್ದಿ ತಿಳಿದ ಪೊಲಾಕರು ತಮ್ಮ ಉದ್ಯೋಗವನ್ನು ಬಿಟ್ಟು ತಾವೂ ಅಲ್ಲಿಗೆ ಬಂದು ಸೇರಿದರು. 1908ರಲ್ಲಿ ಗಾಂಧೀಜಿ ಆ ಪುಸ್ತಕದ ಸಾರವನ್ನು ಗುಜರಾತಿಯಲ್ಲಿ ಬರೆದು ‘ಸರ್ವೋದಯ’ವೆಂದು ಹೆಸರಿಟ್ಟರು.

ಕೋಟ್ಸರೂ ಪೊಲಾಕರೂ ಸ್ನೇಹಭಾವದಿಂದಲೇ ಪುಸ್ತಕಗಳನ್ನು ಕೊಟ್ಟವರು. ಒಬ್ಬರು ಕಪಾಟನ್ನು ತುಂಬಿದರು; ಮತ್ತೊಬ್ಬರು ಒಂದೇ ಒಂದು ಪುಸ್ತಕವನ್ನು, ಒಂದು ಪ್ರಯಾಣದಲ್ಲಿ ಮುಗಿಯುವಷ್ಟು ಚಿಕ್ಕದನ್ನು, ಓದಲು ಬಿಡುವು ದೊರೆಯುವ ಗಳಿಗೆಯಲ್ಲಿ ಕೊಟ್ಟರು. ಮಿತ್ರನು ಏನಾಗಬೇಕೆಂದು ಮೊದಲಿನವರು ಚಿಂತಿಸಿದರು. ಮಿತ್ರನು ಏನನ್ನು ಅರಸುತ್ತಿದ್ದಾನೆಂಬುದನ್ನು ಎರಡನೆಯವರು ಬಲ್ಲವರಾಗಿದ್ದರು. ಗ್ರಂಥದ ಕೀರ್ತಿಯನ್ನೋ ಗಾತ್ರವನ್ನೋ ಬೆಲೆಯನ್ನೋ ನೋಡಿ ಆರಿಸಿದ ಉಡುಗೊರೆಯು ಕಪಾಟಿಗೆ ಅಲಂಕಾರವಾಗಬಹುದು. ಆಯ್ದು ಓದುವವನಿಗಾಗಿ ಆರಿಸುವವನು ಮೊದಲು ಅವನ ಮಾತುಗಳಿಗೆ ಕಿವಿಗೊಡಬೇಕು. ಅವನು ಮತ್ತೆ ಮತ್ತೆ ಎತ್ತುವ ಪ್ರಶ್ನೆ ಯಾವುದೆಂದು ತಿಳಿಯಬೇಕು. ತಾನು ಓದಿ ಮೆಚ್ಚಿದ ಗ್ರಂಥಗಳಲ್ಲಿ ಆ ಪ್ರಶ್ನೆಗೆ ಹತ್ತಿರವಾದುದನ್ನು ಹುಡುಕಬೇಕು. ಕೊಟ್ಟ ಬಳಿಕ ಒಪ್ಪುವ ಅಥವಾ ಒಪ್ಪದಿರುವ ಸ್ವಾತಂತ್ರ್ಯವನ್ನು ಅವನಿಗೇ ಬಿಡಬೇಕು. ಇಷ್ಟನ್ನು ಅರಿತು ನೀಡಿದ ಪುಸ್ತಕವು ಚಿಕ್ಕದಾದರೂ ಒಬ್ಬನ ಬಾಳಿನ ಹಾದಿಯನ್ನೇ ತಿರುಗಿಸಬಲ್ಲದು.