ಅಕ್ಷರದ ತೊಡಕು

ಕಡೂರು, ತರೀಕೆರೆ, ಅಜ್ಜಂಪುರ ಇವು ಚಿಕ್ಕಮಗಳೂರು ಜಿಲ್ಲೆಯ ನೆರೆಹೊರೆಯ ಊರುಗಳು. ಈ ಹೆಸರುಗಳನ್ನು ನುಡಿಯುವುದು ಸುಲಭ. ಬರೆಯಹೊರಟಾಗ ಮಾತ್ರ ಡಕಾರಕ್ಕೆ ಕೊಂಬಿನಿಳಿ, ರಕಾರಕ್ಕೆ ಗುಡಿಸಿನ ದೀರ್ಘ, ಜಕಾರಕ್ಕೆ ಒತ್ತು, ಅದರ ಬೆನ್ನಿಗೇ ಸೊನ್ನೆ ಎಂದು ಎಚ್ಚರ ವಹಿಸಬೇಕಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಇದು ಕೆಲವು ವರ್ಷಗಳಲ್ಲಿ ಕೈವಶವಾಗುತ್ತದೆ. ಕೆಲವರಿಗೆ ಒಂಬತ್ತನೆಯ ತರಗತಿಗೆ ಬಂದರೂ ಒತ್ತು ಜಾರುತ್ತದೆ, ಪಕಾರ ಷಕಾರವಾಗುತ್ತದೆ, ಓದುತ್ತಿದ್ದ ಸಾಲು ತಪ್ಪುತ್ತದೆ. ಇದಕ್ಕೆ ಕಲಿಕಾ ನ್ಯೂನತೆ ಎಂದು ಹೆಸರು. ಇದು ಬುದ್ಧಿಯ ಕೊರತೆಯಲ್ಲ.

ಈರುಳ್ಳಿ ಬೆಳೆಯುವ ಅಜ್ಜಂಪುರದ ಸೀಮೆಯಲ್ಲಿ ಅಂತಹ ಬಾಲಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಚೀಲಕ್ಕೆ 52 ಕಿಲೋದಂತೆ 37 ಚೀಲಗಳ ತೂಕವೆಷ್ಟೆಂದು ತಂದೆ ಕೇಳಿದೊಡನೆ ಅವನು 1924 ಎನ್ನುತ್ತಾನೆ. ಅದೇ ಲೆಕ್ಕ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಮೊದಲ ವಾಕ್ಯದಲ್ಲಿಯೇ ತಡವರಿಸುತ್ತಾನೆ. ಪಾಠವನ್ನು ಗಮನವಿಟ್ಟು ಕೇಳಿ, ನೆನಪಿನ ಬಲದಿಂದ ಹೇಗೋ ಉತ್ತೀರ್ಣನಾಗುತ್ತಾನೆ. ಅವನ ಜಾಣತನವು ತೊಡಕನ್ನು ಮರೆಮಾಡುತ್ತದೆ. ತೊಡಕು ಜಾಣತನವನ್ನು ಮರೆಮಾಡುತ್ತದೆ. ಕೊನೆಗೆ ಸೋಮಾರಿ ಎಂಬ ಹೆಸರೊಂದು ಉಳಿಯುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ.

ಇಂತಹ ಬಾಲಕನೊಬ್ಬನನ್ನು ಕುರಿತು ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿಯೇ ಬರೆದಿದ್ದನು. ಆ ಬಾಲಕನಿಗೆ ಆಗ 14 ವರ್ಷ, ಹೆಸರು ಪರ್ಸಿ. ತನ್ನ ಹೆಸರಿನ ಅಕ್ಷರಗಳನ್ನೇ ಅವನು ಹಿಂದುಮುಂದಾಗಿ ಬರೆಯುತ್ತಿದ್ದನು. 7 ಎಂಬ ಅಂಕಿಯನ್ನು ಓದಬಲ್ಲ ಅವನಿಗೆ ಅದನ್ನೇ ಅಕ್ಷರಗಳಲ್ಲಿ ಬರೆದರೆ ತಿಳಿಯುತ್ತಿರಲಿಲ್ಲ. ಗಣಿತವೆಂದರೆ ಮಾತ್ರ ಅವನಿಗೆ ಪ್ರೀತಿ. ಪಾಠಗಳೆಲ್ಲವೂ ಬಾಯಿಮಾತಿನಲ್ಲಿಯೇ ನಡೆದಿದ್ದರೆ ಶಾಲೆಗೆಲ್ಲ ಅವನೇ ಜಾಣನಾಗುತ್ತಿದ್ದನೆಂದು ಅವನ ಉಪಾಧ್ಯಾಯರು ಅಭಿಪ್ರಾಯಪಟ್ಟಿದ್ದರು.

ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಕಲಿಕಾ ನ್ಯೂನತೆಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ದ್ವಿತೀಯ ಹಾಗೂ ತೃತೀಯ ಭಾಷೆಗಳಿಂದ ವಿನಾಯಿತಿ ಇವುಗಳಿಗೆ ಅದರಲ್ಲಿ ಅವಕಾಶವುಂಟು. ನ್ಯೂನತೆಯನ್ನು ಪರೀಕ್ಷಿಸುವ ವ್ಯವಸ್ಥೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದೆ. ಕಡೂರಿನಿಂದ ಬೆಂಗಳೂರು ದೂರವೇ ಸರಿ. ಆದರೆ ತೊಡಕನ್ನು ಮೊದಲು ಗುರುತಿಸಬೇಕಾದ ಸ್ಥಳ ತರಗತಿಯೇ.

ಇಂತಹ ವಿದ್ಯಾರ್ಥಿಗೆ ನೆರವಾಗುವುದೆಂದರೆ ಸುಲಭವಾದ ಲೆಕ್ಕಗಳನ್ನು ಕೊಡುವುದಲ್ಲ. ಓದಿನ ಹೊರೆಯನ್ನು ಇಳಿಸಬೇಕು. ಲೆಕ್ಕವು ಅವನ ಬುದ್ಧಿಗೆ ತಕ್ಕಷ್ಟು ಕಠಿಣವಾಗಿಯೇ ಇರಬೇಕು. ಪಕ್ಕದಲ್ಲಿ ಕುಳಿತ ಗೆಳೆಯನು ಪ್ರಶ್ನೆಯನ್ನು ಓದಿ ಹೇಳಲಿ, ಅವನು ಬಿಡಿಸಲಿ. ಅಕ್ಷರಾಭ್ಯಾಸವೂ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ನಗೆಪಾಟಲಿಗೆ ಎಡೆಯಿಲ್ಲದಂತೆ ನಡೆಯಲಿ: ಮೊದಲು ಕಡೂರು, ಅನಂತರ ತರೀಕೆರೆ, ಕೈ ಪಳಗಿದ ಮೇಲೆ ಅಜ್ಜಂಪುರ.